ಕಟ್ಟೆ ಇರೋ ಗಂಟ ಅಂಬಿಗ

ನಮ್ಮೂರ ಹೊಳೆಕಟ್ಟೆಯ ಮೇಲೆ ಬೋರಯ್ಯ ಕುಳಿತಿರುವುದನ್ನು ಯಾರಾದರೂ ಹೊಸಬರು ನೋಡಿದ್ದರೆ, ಪಾಪ, ಹರಿಗೋಲಿಗೆ ಕಾಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಅಂಬಿಗ ಅವನೇ. ಅವನು ಕಾಯುತ್ತಿದ್ದದ್ದು ದಾಟುವ ಜನಕ್ಕೆ. ಕೆಳಗಡೆ ಸೇತುವೆಯಾಗಿ, ಅದರ ಮೇಲೆ ಶ್ರೀರಂಗಪಟ್ಟಣದ ಬಸ್ಸು ಓಡಾಡತೊಡಗಿದ ಮೇಲೆ ಯಾರೂ ದಾಟಲು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲವೇ? ಆದರೂ ಬೆಳಗಾದರೆ ಹೆಗಲ ಮೇಲೆ ಟವಲು ಹಾಕಿಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದ. ಮನೆಯಲ್ಲಿ ಕೂತರೆ ಕೆಲಸವಿಲ್ಲದವನು ಅನ್ನುತ್ತಾರೆ, ಕಟ್ಟೆಯ ಮೇಲೆ ಕೂತರೆ ಹಾಗನ್ನಲಾರರು ಎಂಬುದು ಅವನ ಲೆಕ್ಕಾಚಾರ.

ನಾನು ನಮ್ಮೂರು ಹೊಳೆಕೊಪ್ಪಲಿನಲ್ಲಿ ಹೋಟೆಲು ಇಟ್ಟುಕೊಂಡವನು. ಹೋಟೆಲು ಎಂದರೆ ದೊಡ್ಡದೇನಲ್ಲ. ಎರಡು ಬೆಂಚು, ಒಂದು ಸೀಮೆಎಣ್ಣೆ ಸ್ಟೌ, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನದ ಮೇಲೆ ಬೋಂಡ. ಊರಿನವರು ಮನೆಯಲ್ಲಿ ಆಡಲಾಗದ ಮಾತನ್ನೆಲ್ಲ ಅಲ್ಲಿಗೆ ಬಂದು ಆಡುತ್ತಾರೆ. ಬೋರಯ್ಯ ಮಾತ್ರ ಅಲ್ಲಿ ಹೆಚ್ಚು ಮಾತಾಡಿದವನಲ್ಲ. ಟೀ ಕುಡಿದರೆ ತನ್ನ ಲೋಟ ತಾನೇ ತೊಳೆಯುತ್ತಿದ್ದ. ಅಷ್ಟಕ್ಕೆ ಬಿಡದೆ, ಬೆಂಚಿನ ಮೇಲೆ ಯಾರ್ಯಾರೋ ಕುಡಿದಿಟ್ಟು ಹೋದ ಲೋಟಗಳನ್ನೂ ಬಳಿದುಕೊಂಡು ಹೋಗಿ ತೊಳೆದಿಡುತ್ತಿದ್ದ. ಬೇಡವೆಂದು ರೇಗಿದರೆ, "ಇರ್ಲಿ ಬುಡಪ್ಪ, ಕೈ ಸುಮ್ಕೆ ಅದೆ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ಮನುಷ್ಯ ಇಷ್ಟೊಂದು ಕುಗ್ಗಬಾರದು ಎಂದು ನನ್ನ ಅಭಿಪ್ರಾಯ.

ಅವನು ಮೊದಲಿನಿಂದ ಹೀಗಿದ್ದವನಲ್ಲ. ಸೇತುವೆಯಿಲ್ಲದ ಕಾಲದಲ್ಲಿ ಬೋರಯ್ಯನ ಗತ್ತು ನೋಡಬೇಕಿತ್ತು. ನಮ್ಮೂರಿನ ಅರ್ಧಕ್ಕರ್ಧ ಗದ್ದೆ ಹೊಳೆಯಾಚೆ ಇದೆ. ಪೈರಿನ ಕಟ್ಟು, ಗೊಬ್ಬರದ ಕುಕ್ಕೆ, ಮದುವಣಗಿತ್ತಿ, ಸೂಲಗಿತ್ತಿ, ಎಲ್ಲರೂ ಎಲ್ಲವೂ ಅವನ ಹರಿಗೋಲಿನಲ್ಲೇ ಹೋಗಬೇಕು. ಹೊಳೆ ಕೆಂಪಗೆ ಬಂದಾಗ ಎಂಥ ಗೌಡನಾದರೂ ಕಟ್ಟೆಯ ಮೇಲೆ ನಿಂತು ಅವನ ಮುಖ ನೋಡಬೇಕು. ಇವತ್ತು ಆಗಲ್ಲ ಅಂದರೆ ಆಗಲ್ಲ. ಹತ್ತಿದ ಮೇಲೆ ಮಿಸುಕಾಡಿದವರಿಗೆ ಬೈಗುಳ. ನನ್ನ ಹೆಂಡತಿ ಮದುವೆಯಾಗಿ ಈ ಊರಿಗೆ ಬಂದ ದಿನ ಹರಿಗೋಲು ಸುತ್ತು ತಿರುಗಿತೆಂದು ಹೆದರಿ ಕಿರುಚಿದ್ದಕ್ಕೆ, ಬಾಯಿ ಮುಚ್ಚಿಕೊಂಡು ಕೂತ್ಕೊಳವ್ವ ಎಂದು ಗದರಿದ್ದನಂತೆ. ಅದನ್ನು ಅವಳು ಈಗಲೂ ನಗುತ್ತಾ ಹೇಳುತ್ತಾಳೆ.

ಆ ಹರಿಗೋಲು ಬಂದು ನಿಲ್ಲುತ್ತಿದ್ದದ್ದು ಈ ಕಟ್ಟೆಗೆ. ದಡದಿಂದ ಹೊಳೆಯೊಳಕ್ಕೆ ಚಾಚಿಕೊಂಡಂತೆ ಕಟ್ಟಿದ ಕಲ್ಲಿನ ಜಗಲಿ ಅದು. ಎರಡು ಪಕ್ಕಕ್ಕೂ ಮೆಟ್ಟಿಲು, ತುದಿಯಲ್ಲಿ ಹಗ್ಗ ಕಟ್ಟುವ ಕಂಬ. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೂ ಕೆಸರು ತುಳಿಯದೆ ಹತ್ತಬಹುದಿತ್ತು. ಯಾವ ಕಾಲದಲ್ಲಿ ಯಾರು ಕಟ್ಟಿಸಿದರೋ ಗೊತ್ತಿಲ್ಲ. ಬೋರಯ್ಯನ ಅಪ್ಪ, ಅವರಪ್ಪ ಎಲ್ಲ ಅಲ್ಲಿಂದಲೇ ಹುಟ್ಟು ಹಾಕಿದವರು.

ಊರಿನವರಿಂದ ಅವರು ಯಾವತ್ತೂ ಕಾಸು ಮುಟ್ಟಲಿಲ್ಲ. ಅವರಿಗೆ ಸುಗ್ಗಿಯಲ್ಲಿ ಆಯ ಬರುತ್ತಿತ್ತು. ಈ ಆಯ ಎಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಣದಲ್ಲಿ ಭತ್ತ ಬಡಿದು, ತೂರಿ, ರಾಶಿ ಮಾಡಿ, ಪೂಜೆಯಾದ ಮೇಲೆ, ಅಳೆಯುವ ಕೊಳಗವನ್ನು ಮುಟ್ಟುವ ಮುಂಚೆ ಯಜಮಾನನಾದವನು ಕಸುಬಿನ ಹೆಸರು ಹಿಡಿದು ಕೂಗುತ್ತಾನೆ. ಕ್ಷೌರದೋರು ಬನ್ನಿ, ಮಡಿವಾಳ್ರು ಬನ್ನಿ, ಅಂಬಿಗ್ರು ಬನ್ನಿ. ಕೂಗಿಸಿಕೊಂಡವನು ಬಂದು ಟವಲು ಹಾಸಿದರೆ ಮೊರದಲ್ಲಿ ಮೊಗೆದು ಹಾಕುತ್ತಾರೆ. ಅಳೆಯುವುದಿಲ್ಲ, ಯಾಕೆಂದರೆ ಅದು ಗೌಡನ ಭತ್ತವಲ್ಲ, ವರ್ಷವೆಲ್ಲ ದುಡಿದವನ ಪಾಲು. ಗೌಡನದು ಅಳತೆ ಶುರುವಾದಲ್ಲಿಂದ. ಕೇಳಿಕೊಂಡು ಬಂದ ದಾಸಯ್ಯನಿಗೆ, ದಿಕ್ಕಿಲ್ಲದ ಮುದುಕಿಗೆ ಕೊಡುವುದು ಅಳೆದು ಮುಗಿದ ಮೇಲೆ. ಅದು ಗೌಡನ ದೊಡ್ಡ ಮನಸ್ಸು. ಒಂದೇ ರಾಶಿ, ಒಂದೇ ಭತ್ತ, ಆದರೆ ಮುಂಚೆ ಸಿಕ್ಕಿದರೆ ಪಾಲು, ಆಮೇಲೆ ಸಿಕ್ಕಿದರೆ ಭಿಕ್ಷ. ಈ ವ್ಯತ್ಯಾಸವನ್ನು ನಮ್ಮ ಕಡೆ ಯಾರಿಗೂ ಕಲಿಸಿಕೊಡಬೇಕಾಗಿರಲಿಲ್ಲ.

ಸೇತುವೆಯಾದ ವರ್ಷ ಬೋರಯ್ಯ ಕಣದ ಕಡೆ ತಲೆ ಹಾಕಲಿಲ್ಲ. ದಾಟಿಸದೆ ಯಾವ ಮುಖ ಹೊತ್ತುಕೊಂಡು ಹೋಗುವುದು ಎಂದು ಮನೆಯಲ್ಲೇ ಉಳಿದ. ಜವರಯ್ಯ ಅವನನ್ನು ಹೇಳಿ ಕಳುಹಿಸಿ ಕರೆಸಿದ. ಜವರಯ್ಯನೆಂದರೆ ಆಚೆದಡದಲ್ಲಿ ದೊಡ್ಡ ಹಿಡುವಳಿ ಇದ್ದ ಗೌಡ, ಊರಿಗೆ ಹಿರಿಯ. ಬೋರಯ್ಯ ಬರುವವರೆಗೆ ಕೊಳಗ ಮುಟ್ಟಲಿಲ್ಲ. ಬಂದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಕಟ್ಟೆ ಇರೋ ಗಂಟ ಅಂಬಿಗ ಇರ್ತಾನೆ ಕಣ್ಲಾ ಬೋರ. ಸೇತ್ವೆ ಸರ್ಕಾರದ್ದು, ಕಟ್ಟೆ ಊರುದ್ದು. ಬಾ, ಟವಲ್ ಆಸು."

ಅದು ಕಾನೂನಾಗಿಹೋಯಿತು. ಜವರಯ್ಯನೇ ಕೊಟ್ಟ ಮೇಲೆ ಉಳಿದವರು ಹೇಗೆ ಇಲ್ಲವೆನ್ನುತ್ತಾರೆ? ವರ್ಷ ವರ್ಷ ಅಂಬಿಗರ ಆಯ ನಡೆದುಕೊಂಡು ಬಂತು. ಬೋರಯ್ಯನ ಮನೆಯ ಒಲೆ ಉರಿಯುತ್ತಿದ್ದದ್ದು ಅದರಲ್ಲೇ. ಮಕ್ಕಳಿಲ್ಲ, ಜಮೀನಿಲ್ಲ. ಅವನು, ಹೆಂಡತಿ ಬೆಟ್ಟಮ್ಮ, ಎರಡೇ ಜೀವ.

ಆದರೆ ಆ ಭತ್ತ ಅವನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಒಂದು ಸುಗ್ಗಿಯಲ್ಲಿ ಕ್ಷೌರದ ಚಿಕ್ಕಮಾದಯ್ಯ ಕಣದಲ್ಲಿ ತಮಾಷೆಗೆ, ನಾವು ಬೋಳಿಸ್ತೀವಿ, ಅವರು ಒಗೀತಾರೆ, ನೀನೇನಪ್ಪಾ ಮಾಡ್ತೀಯ ಎಂದ. ಎಲ್ಲರೂ ನಕ್ಕರು, ಬೋರಯ್ಯನೂ ನಕ್ಕ. ಮಾರನೆಯ ದಿನದಿಂದ ಕಟ್ಟೆ ಗುಡಿಸಲು ಶುರು ಮಾಡಿದ. ಕಲ್ಲಿನ ಸಂದಿಯಲ್ಲಿ ಎದ್ದ ಅರಳಿ ಸಸಿ ಕೀಳುವುದು, ಹೊಳೆಯಲ್ಲಿ ತೇಲಿಬಂದ ಕಸ ಎಳೆದು ಹಾಕುವುದು, ಯಾರೂ ಹತ್ತದ ಹರಿಗೋಲಿಗೆ ವರ್ಷ ವರ್ಷವೂ ಟಾರು ಬಳಿಯುವುದು. ಅದೂ ಸಾಲದೆಂದು ಆಯ ಕೊಡುವ ಮನೆಗಳಿಗೆ ಹೋಗಿ ಕರೆಯದ ಕೆಲಸ ಮಾಡುತ್ತಿದ್ದ. ಬೇಲಿ ಬಿಗಿದು ಕೊಡುತ್ತಿದ್ದ, ಸೌದೆ ಒಡೆದು ಹಾಕುತ್ತಿದ್ದ. ಬೇಡವೆಂದರೆ ಕೇಳುತ್ತಿರಲಿಲ್ಲ. ಕೊನೆಗೆ ಅವನು ಬರುವುದು ಕಂಡರೆ ಹೆಂಗಸರು ಕೊಡಲಿಯನ್ನು ಒಳಗೆ ಎತ್ತಿಡುತ್ತಿದ್ದರು.

ಒಂದು ಸಲ ಜವರಯ್ಯ, ಬಸ್ಸಿದ್ದರೂ, ಇವತ್ತು ಹೊಳೆಯಲ್ಲೇ ಹೋಗೋಣ ನಡಿಯೋ ಎಂದು ಹರಿಗೋಲು ಹತ್ತಿದ. ಬೋರಯ್ಯ ಖುಷಿಯಾಗಿ ಹುಟ್ಟು ಹಾಕಿದ್ದನ್ನು ನಾನೇ ನೋಡಿದೆ. ಸಂಜೆ ಹೋಟೆಲಿಗೆ ಬಂದಾಗ ಮುಖ ಇಷ್ಟೇ ಇಷ್ಟಾಗಿತ್ತು. ಏನಾಯಿತೆಂದು ಕೇಳಿದೆ.

"ಗೌಡ್ರುಗೆ ಆಚೆ ಕಡೆ ಏನೂ ಕೆಲ್ಸ ಇರ್ಲಿಲ್ಲ ಕಣಪ್ಪ. ಇಳುದ್ರು, ಒಂದ್ ಬೀಡಿ ಸೇದುದ್ರು, ವಾಪಸ್ ಅತ್ತುದ್ರು."

ಅಷ್ಟು ಹೇಳಿ ಲೋಟ ತೊಳೆಯಲು ಎದ್ದುಹೋದ.

ತೊಂಬತ್ತರ ಈಚೆಗೆ ಒಂದು ಮಳೆಗಾಲ ಕೆ.ಆರ್.ಎಸ್. ತುಂಬಿ, ಬಾಗಿಲುಗಳನ್ನು ತೆಗೆದು ನೀರು ಬಿಟ್ಟಾಗ ಕಟ್ಟೆಯ ತುದಿ ಕುಸಿಯಿತು. ಕಂಬ ಹೊಳೆ ಪಾಲಾಯಿತು. ಹರಿಗೋಲು ಅದಕ್ಕೂ ಮುಂಚೆಯೇ ಕೊಳೆತುಹೋಗಿತ್ತು. ಉಳಿದ ಕಲ್ಲುಗಳು ಒಂದರ ಮೇಲೊಂದು ವಾಲಿಕೊಂಡು, ಸಂದಿಯಲ್ಲಿ ಲಂಟಾನ ಬೆಳೆದು, ಹಾವಿನ ಭಯ ಬೇರೆ. ಬೋರಯ್ಯ ಗುಡಿಸುವಷ್ಟನ್ನು ಗುಡಿಸುತ್ತಲೇ ಇದ್ದ. ಹಾಗಿರುವಾಗ ಒಂದು ಬೆಳಿಗ್ಗೆ ಈಶ್ವರನ ಗುಡಿಯ ಅರ್ಚಕರಾದ ದೊರೆಸ್ವಾಮಿಯವರ ಹೆಂಡತಿ ಪದ್ಮಮ್ಮ ಅಭಿಷೇಕಕ್ಕೆ ನೀರು ತರಲು ಹೋಗಿ ಜಾರಿಬಿದ್ದು ಕೈ ಮುರಿದುಕೊಂಡರು. ಕಟ್ಟೆಯ ಜಗಳ ಹುಟ್ಟಿದ್ದು ಅಲ್ಲಿಂದ.

ಆಗಷ್ಟೇ ಹೊಸ ಪಂಚಾಯ್ತಿ ಬಂದಿತ್ತು. ಜವರಯ್ಯನ ಮಗ ಲೋಕೇಶ್ ಮೆಂಬರಾಗಿದ್ದ. ಒಳ್ಳೆಯ ಹುಡುಗ, ಬಿ.ಎ. ಓದಿ ಊರಿನ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದ. ಪಂಚಾಯ್ತಿಗೆ ಬಂದ ಅನುದಾನದಲ್ಲಿ ಕಟ್ಟೆ ಕೆಡವಿ, ಆ ಕಲ್ಲಿನಲ್ಲಿ ರಸ್ತೆಯ ಹತ್ತಿರ ಬಸ್ ತಂಗುದಾಣ ಕಟ್ಟೋಣ ಎಂದು ಅವನ ವಾದ. ತಂಗುದಾಣ ಬರಬೇಕಿದ್ದದ್ದು ನನ್ನ ಹೋಟೆಲಿನ ಎದುರಿಗೆ. ಆದ್ದರಿಂದ ಲೋಕೇಶನ ವಾದ ನನಗೆ ಬಹಳ ಸರಿ ಕಾಣುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಕೆಡವಬಾರದು, ರಿಪೇರಿ ಮಾಡಿಸಬೇಕು ಎಂದು ದೊರೆಸ್ವಾಮಿಯವರು. ತರ್ಪಣಕ್ಕೆ, ತಿಥಿಗೆ ಜನ ಎಲ್ಲಿ ಇಳಿಯಬೇಕು ಎಂದು ಅವರು ಕೇಳಿದರೆ, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜಾಗವಿಲ್ಲವೇ, ಬಸ್ಸಿನಲ್ಲಿ ಹೋದರೆ ಆಯಿತು ಎಂದು ಇವರು. ಹೆಂಡತಿ ಬಿದ್ದು ಕೈ ಮುರಿದುಕೊಂಡ ಕಟ್ಟೆಯನ್ನೇ ಅರ್ಚಕರು ಉಳಿಸಬೇಕೆನ್ನುತ್ತಾರಲ್ಲ ಎಂದು ನನ್ನ ಬೆಂಚಿನ ಮೇಲೆ ನಗೆಯೋ ನಗೆ. ಪದ್ಮಮ್ಮನವರು ಮಾತ್ರ ಕೊರಳಿಗೆ ಕೈ ತೂಗುಹಾಕಿಕೊಂಡೇ, ಕೆಡವಿ ಹಾಕಿ ಪುಣ್ಯ ಕಟ್ಟಿಕೊಳ್ಳಿ ಎಂದು ಲೋಕೇಶನ ಪಕ್ಷ ಸೇರಿದ್ದರು.

ಊರಬಾಗಿಲಲ್ಲಿ, ಡೈರಿಯ ಮುಂದೆ, ಎಲ್ಲೆಲ್ಲೂ ಇದೇ ಮಾತು. ಬಟ್ಟೆ ಒಗೆಯುವ ಹೆಂಗಸರು ಉಳಿಸಬೇಕೆಂದರು, ಎಮ್ಮೆ ಮೇಯಿಸುವವರು ಕೆಡವಬೇಕೆಂದರು. ಬೋರಯ್ಯನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಕಟ್ಟೆ ಹೋದರೆ ಅಂಬಿಗರ ಆಯವೂ ಹೋಯಿತೆಂದು ಎಲ್ಲರಿಗೂ ಗೊತ್ತಿತ್ತು. ಕಟ್ಟೆಯ ಮಾತು ಎದ್ದ ಕೂಡಲೇ ಅವನು ಬೆಂಚಿನಿಂದ ಎದ್ದು ಹೋಗುತ್ತಿದ್ದ. ಉಳಿಸಿ ಎಂದರೆ ಹೊಟ್ಟೆಪಾಡಿಗೆ ಹೇಳಿದ ಹಾಗಾಗುತ್ತದೆ, ಕೆಡವಿ ಎಂದರೆ ಹೊಟ್ಟೆಯ ಮೇಲೆ ತಾನೇ ಬರೆ ಎಳೆದುಕೊಂಡ ಹಾಗಾಗುತ್ತದೆ. ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಬೆಟ್ಟಮ್ಮ ಬೀಗ ಹಾಕಿಕೊಳ್ಳಲಿಲ್ಲ. ಗಂಡನಿಗೆ ಹೇಳದೆ ಜವರಯ್ಯನ ಮನೆಯ ಹಿತ್ತಿಲ ಬಾಗಿಲಿಗೆ ಹೋಗಿ, ಅವನ ಹೆಂಡತಿ ಪುಟ್ಟತಾಯಮ್ಮನ ಎದುರಿಗೆ ಅತ್ತು ಬಂದಳು. ಕಟ್ಟೆ ಒಂದು ಉಳಿಸಿಕೊಡಿ, ನಮ್ಮ ಯಜಮಾನರು ಕೇಳೋ ಪೈಕಿ ಅಲ್ಲ ಎಂದಳಂತೆ. ಪುಟ್ಟತಾಯಮ್ಮ ಒಳ್ಳೆಯವಳು. ಅವತ್ತೇ ಗಂಡನ ಕಿವಿಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಗುಡಿಯ ಜಗಲಿಯ ಮೇಲೆ ಊರು ಸೇರಿತು. ಬೋರಯ್ಯ ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ಬರದಿದ್ದರೆ ಅದಕ್ಕೂ ಒಂದು ಅರ್ಥ ಕಟ್ಟುತ್ತಾರೆ ಎಂದು ಬಂದಿರಬೇಕು. ನನ್ನ ಪಕ್ಕ, ಕಂಬದ ಮರೆಗೆ ಕೂತ. ಲೋಕೇಶ್ ತನ್ನ ವಾದ ಹೇಳಿದ. ದೊರೆಸ್ವಾಮಿಯವರು ಹಿಂದಿನವರು ಕಟ್ಟಿಸಿದ್ದನ್ನು ಕೀಳುವುದು ಶ್ರೇಯಸ್ಸಲ್ಲ ಎಂದರು. ಲೋಕೇಶನ ಕಡೆಗೇ ಜನ ಹೆಚ್ಚು ವಾಲಿತು. ಆಗ ಜವರಯ್ಯ ಎದ್ದ. ಮಗನ ವಿರುದ್ಧವೇ ಮಾತಾಡುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ.

"ನೀವೆಲ್ಲ ಕಲ್ಲಿನ್ ಮಾತಾಡ್ತಿದ್ದೀರಿ. ಕಟ್ಟೆ ಕೆಡವ್ಬುಟ್ರೆ ಬೋರ ಏನ್ ತಿನ್ಬೇಕು? ಅವ್ನ ಎಂಡ್ರು ನಮ್ಮನೆಗ್ ಬಂದು ಸೆರಗೊಡ್ಡಿ ಅತ್ತವ್ಳೆ. ಅದುಕ್ಕಾದ್ರೂ ಕಟ್ಟೆ ಉಳುಸ್ಬೇಕು."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೋರಯ್ಯನಿಗಾಗಿ ಹೆತ್ತ ಮಗನನ್ನು ಎದುರುಹಾಕಿಕೊಂಡವನು ಅವನು. ಆದರೆ ಊರಿನ ತಲೆಗಳೆಲ್ಲ ಒಟ್ಟಿಗೆ ನಮ್ಮ ಕಂಬದ ಕಡೆ ತಿರುಗಿದವು. ಬೋರಯ್ಯ ಟವಲು ಬಿಚ್ಚಿ ಮಡಿಸಿದ, ಮಡಿಸಿದ್ದನ್ನು ಮತ್ತೆ ಬಿಚ್ಚಿದ. ಹೆಂಡತಿ ಹೋಗಿದ್ದು ಅವನಿಗೆ ಗೊತ್ತಾದದ್ದೇ ಆಗ. ಅವನ ಕಿವಿ, ಕತ್ತು ಎಲ್ಲ ಕೆಂಪಾಗಿದ್ದವು. ಪಕ್ಕದಲ್ಲಿ ಕೂತಿದ್ದಕ್ಕೆ ನನಗೇ ಎಲ್ಲಿಗಾದರೂ ಎದ್ದು ಹೋಗೋಣ ಅನ್ನಿಸಿತು.

ಲೋಕೇಶ್ ಅಪ್ಪನಿಗೆ ಉತ್ತರ ಕೊಟ್ಟ. ಅವನೂ ಮೃದುವಾಗಿಯೇ ಹೇಳಿದ.

"ಅದುಕ್ಕೆ ಕಟ್ಟೆ ಯಾಕಪ್ಪ ಬೇಕು? ಬೋರಣ್ಣುನ್ನ ನಾವ್ ಕೈ ಬುಟ್ಟೀವಾ? ಇಷ್ಟ್ ವರ್ಸ ದಾಟುಸ್ತಾರೆ ಅಂತ ಕೊಟ್ಟುದ್ದಾ? ಪಾಪ, ಕಷ್ಟ ಅದೆ ಅಂತ ಕೊಟ್ಟುದ್ದು. ಮುಂದುಕ್ಕೂ ಕೊಡ್ತೀವಿ."

ಇದನ್ನು ನಾವೆಲ್ಲರೂ ಒಳಗೊಳಗೇ ಬಲ್ಲವರೇ. ಒಬ್ಬರಾದರೂ ಬಾಯಿಬಿಟ್ಟು ಆಡಿರಲಿಲ್ಲ. ಆಡದಿದ್ದದ್ದರಿಂದಲೇ ಅದು ಆಯವಾಗಿ ಉಳಿದಿತ್ತು. ಒಬ್ಬರು ಆಡಿದ ಮೇಲೆ ಉಳಿದವರಿಗೆ ಧೈರ್ಯ ಬಂತು. ನಾನೂ ಕೊಡ್ತೀನಿ, ನಮ್ಮನೆಯಿಂದಲೂ ಹಾಕ್ತೀವಿ ಎಂದು ಒಬ್ಬೊಬ್ಬರೇ ಎದ್ದರು. ನಾನು ದಿನಾ ಬೆಳಿಗ್ಗೆ ಇಡ್ಲಿ ಕೊಡುತ್ತೇನೆಂದು ಕೂಗಿದೆ. ದೊರೆಸ್ವಾಮಿಯವರು ಕಟ್ಟೆಯ ವಾದ ಸೋಲುತ್ತಿರುವುದನ್ನು ಮರೆತು, ಅನ್ನ ಕೊಟ್ಟವರಿಗೆ ಎಂಥ ಪುಣ್ಯ ಬರುತ್ತದೆಂದು ವಿವರಿಸತೊಡಗಿದರು. ಹರಾಜಿನಲ್ಲಿ ಕೂಗಿದ ಹಾಗೆ ಊರೆಲ್ಲ ಬೋರಯ್ಯನ ಮೇಲೆ ಕರುಣೆ ಕೂಗುತ್ತಿತ್ತು, ಬೋರಯ್ಯ ಅಲ್ಲೇ ಕೂತಿದ್ದ.

ಅವನು ಕಂಬ ಹಿಡಿದು ಎದ್ದ.

"ಕೆಡವ್ಬುಡಿ" ಎಂದ.

ಜವರಯ್ಯ, ನೀನು ಸುಮ್ಮನಿರೋ, ನಿನಗೇನು ತಿಳಿಯುತ್ತೆ ಎಂದು ಗದರಿದ. ಬೋರಯ್ಯ ಜವರಯ್ಯನ ಮುಖ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದ.

"ನನ್ ಒಟ್ಟೆಗೋಸ್ಕರ ಊರುನ್ ದುಡ್ಡ ಒಳೆಗಾಕ್ಬ್ಯಾಡಿ ಬುದ್ಧಿ. ಕೆಡವ್ಬುಡಿ. ಮೊದುಲ್ನೆ ಕಲ್ಲ ನಾನೇ ಎತ್ತುತೀನಿ."

ಹೇಳಿದವನೇ ಜಗಲಿ ಇಳಿದು ಹೊರಟುಬಿಟ್ಟ. ಚಪ್ಪಲಿ ಅಲ್ಲೇ ಉಳಿಯಿತು. ವಾರಗಟ್ಟಲೆ ಎಳೆದಾಡಿದ ಜಗಳ ಅಷ್ಟಕ್ಕೆ ಮುಗಿಯಿತು. ನಿಜ ಹೇಳಬೇಕೆಂದರೆ ಎಲ್ಲರಿಗೂ ಹಗುರವಾಯಿತು. ಅವನೇ ಹೇಳಿದನಲ್ಲ, ಇನ್ನೇನು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನನ್ನ ಹೋಟೆಲಿಗೆ ಬಂದು ಟೀ ಕುಡಿದರು.

ಮನೆಯಲ್ಲಿ ಗಂಡ ಹೆಂಡಿರಿಗೆ ಏನಾಯಿತೆಂದು ಆಮೇಲೆ ಬೆಟ್ಟಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿದಳು. ಊರ ಮುಂದೆ ಮಾನ ತೆಗೆದೆಯಲ್ಲ ಎಂದು ಬೋರಯ್ಯ ಕೂಗಾಡಿದನಂತೆ. ಇವಳು, ಒಲೆ ಮೇಲೆ ಮಾನ ಇಟ್ಟು ಬೇಯಿಸಿ ಹಾಕಲಾ ಎಂದಳಂತೆ.

ಕೆಡವುವ ದಿನ ಹೇಳಿದ ಹಾಗೆ ಹಾರೆ ಹಿಡಿದುಕೊಂಡು ಎಲ್ಲರಿಗಿಂತ ಮುಂಚೆ ಬಂದಿದ್ದ. ಮೊದಲ ಕಲ್ಲನ್ನು ತಾನೇ ಮೀಟಿದ. ಆಮೇಲೆ ಟ್ರಾಕ್ಟರು ಬಂತು, ಆಳುಗಳು ಬಂದರು. ಅವನೂ ಅವರ ಜೊತೆ ನಿಂತು, ಮೊಣಕಾಲು ನೋವಿದ್ದರೂ ಕೊನೆಯ ಕಲ್ಲು ಹೋಗುವವರೆಗೆ ಹೊತ್ತ. ಬಿಡು ಬೋರಣ್ಣ, ನೀನು ಕೂತ್ಕೋ ಎಂದು ಲೋಕೇಶ್ ಎಷ್ಟು ಹೇಳಿದರೂ ಕೇಳಲಿಲ್ಲ. ತಂಗುದಾಣ ಎದ್ದಿತು, ಚೆನ್ನಾಗಿಯೇ ಕಟ್ಟಿದರು, ನನಗೆ ವ್ಯಾಪಾರವೂ ಹೆಚ್ಚಿತು. ಅಪರೂಪಕ್ಕೆ ಎಲ್ಲಿಗಾದರೂ ಹೋಗುವಾಗ ಬೋರಯ್ಯ ಮಾತ್ರ ಅದರೊಳಗೆ ಕೂರುತ್ತಿರಲಿಲ್ಲ. ಬಿಸಿಲಲ್ಲೇ ನಿಂತು ಬಸ್ಸು ಕಾಯುತ್ತಿದ್ದ. ನಾನು ಹೇಳಿದ ಇಡ್ಲಿ ತಿನ್ನಲು ಒಂದು ದಿನವೂ ಬರಲಿಲ್ಲ. ಹೋಟೆಲಿಗೆ ಬರುವುದನ್ನೇ ಬಿಟ್ಟ.

ದುಡಿದು ತಿನ್ನುತ್ತೇನೆ ಎಂಬ ಹಟ ಅವನಿಗಿತ್ತು. ಕೆ.ಆರ್.ಎಸ್.ಗೆ ಹೋಗಿ, ಹಿನ್ನೀರಿನಲ್ಲಿ ಮೀನು ಹಿಡಿಸುವವರ ಹತ್ತಿರ ಹರಿಗೋಲು ನಡೆಸುವ ಕೆಲಸ ಕೇಳಿದ. ಅವರು ಅವನ ನೆರೆತ ತಲೆ ನೋಡಿ, ಊಟ ಮಾಡಿಕೊಂಡು ಹೋಗಿ ಯಜಮಾನರೇ ಎಂದರಂತೆ. ಪಾಂಡವಪುರದ ಕಡೆ ಕಬ್ಬು ಕಡಿಯಲು ಹೋದ. ಮೊಣಕಾಲು ಊದಿಕೊಂಡು ವಾಪಸು ಬಂದ. ಬೆಟ್ಟಮ್ಮ ಕಳೆ ಕೀಳಲು ಹೋಗಿ ಏನು ತರುತ್ತಿದ್ದಳೋ ಅಷ್ಟೇ. ಸುಗ್ಗಿ ಹತ್ತಿರ ಬರುವ ಹೊತ್ತಿಗೆ ಅವರ ಮನೆಯಲ್ಲಿ ಒಪ್ಪೊತ್ತಿನ ಊಟವಾಗಿತ್ತು. ಈ ವರ್ಷ ಯಾವ ಕಣಕ್ಕೂ ಹೋಗುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದನಂತೆ.

ಜವರಯ್ಯನ ಕಣಕ್ಕೆ ಟೀ ಕೊಡುವುದು ನನ್ನ ವಾಡಿಕೆ. ಆ ದಿನ ಕ್ಯಾನು ಹಿಡಿದುಕೊಂಡು ಹೋದಾಗ ರಾಶಿ ಪೂಜೆ ಆಗಿತ್ತು. ಲೋಟಕ್ಕೆ ಬಗ್ಗಿಸುತ್ತಾ ನೋಡಿದರೆ, ಹುಲ್ಲಿನ ಮೆದೆಯ ಪಕ್ಕ ಬೋರಯ್ಯ ನಿಂತಿದ್ದ. ಯಾವಾಗ ಬಂದನೋ, ಯಾರೂ ನೋಡಿರಲಿಲ್ಲ. ಕಣದೊಳಗೂ ಇಲ್ಲ, ಹೊರಗೂ ಇಲ್ಲ, ಅಂಥ ಒಂದು ಜಾಗ ಹುಡುಕಿಕೊಂಡು ನಿಂತಿದ್ದ. ಹೆಗಲಿನ ಮೇಲೆ ಟವಲಿತ್ತು.

ಜವರಯ್ಯ ಕೂಗಲು ಶುರು ಮಾಡಿದ. ಕ್ಷೌರದೋರು ಬನ್ನಿ ಎಂದ, ಚಿಕ್ಕಮಾದಯ್ಯ ಹೋಗಿ ಟವಲು ಹಾಸಿದ. ಮಡಿವಾಳ್ರು ಬನ್ನಿ ಎಂದ, ಅವರೂ ಹೋದರು. ಮುಂದಿನ ಹೆಸರಿಗೆ ಅಭ್ಯಾಸಬಲದಿಂದ ಅವನ ಬಾಯಿ ತೆರೆಯಿತು. ಬೋರಯ್ಯ ಒಂದು ಹೆಜ್ಜೆ ಮುಂದಿಟ್ಟ. ಜವರಯ್ಯನ ಕಣ್ಣಿಗೆ ಬೋರಯ್ಯ ಬಿದ್ದದ್ದು ಆಗಲೇ ಇರಬೇಕು. ಕಟ್ಟೆ ಇರೋ ಗಂಟ ಎಂದವನು ಅವನೇ, ಇಲ್ಲದ ಕಟ್ಟೆಯ ಅಂಬಿಗನನ್ನು ಊರಿನ ಎದುರಿಗೆ ಏನೆಂದು ಕೂಗುವುದು? ಕೂಗಿದರೆ ಅಣಕಿಸಿದ ಹಾಗಾಗುತ್ತದೋ ಎಂದು ಹೆದರಿದನೋ ಏನೋ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡು ಕೊಳಗಕ್ಕೆ ಕೈ ಹಾಕಿದ. ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭ" ಎಂದು ಕೂಗಿ ಸುರಿದ. ಬೋರಯ್ಯ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

ಆಗ ಅವನು ಹೊರಟುಹೋಗಬೇಕಿತ್ತು. ಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಹೋಗಲಿಲ್ಲ. ಅಳತೆ ಮುಗಿಯುವವರೆಗೂ, ಚೀಲ ಹೊಲಿಯುವವರೆಗೂ ಅಲ್ಲೇ ನಿಂತಿದ್ದ. ಕಣದ ಇನ್ನೊಂದು ಕಡೆ ದಾಸಯ್ಯನೊಬ್ಬ, ಯಾವುದೋ ಊರಿನ ಮುದುಕಿಯೊಬ್ಬಳು ಕಾಯುತ್ತಾ ಕೂತಿದ್ದರು. ಅವರಿಗೆ ಹಾಕಿದ ಮೇಲೆ ಲೋಕೇಶ್ ತಲೆಯೆತ್ತಿ ನೋಡಿದ.

"ಬೋರಣ್ಣ, ಅಲ್ಯಾಕ್ ನಿಂತ್ಕಂಡ್ರಿ? ಬನ್ನಿ, ಟವಲ್ ಇಡೀರಿ."

ಬೋರಯ್ಯ ಹೋದ. ಟವಲನ್ನು ನೆಲಕ್ಕೆ ಹಾಸಲಿಲ್ಲ, ಎರಡು ಕೈಯಲ್ಲಿ ಹಿಡಿದು ಒಡ್ಡಿದ. ಲೋಕೇಶ್ ಮೊರದ ಮೇಲೆ ಮೊರ ಸುರಿದ. ಬೋರಯ್ಯ ಸಾಕು ಎಂದ. ಇರಲಿ ಬಿಡಿ ಎಂದು ಲೋಕೇಶ್ ಮತ್ತೂ ಸುರಿದ. ಟವಲು ಹಿಡಿಸದೆ ಗೋಣಿಚೀಲ ತರಿಸಿ, ಅದಕ್ಕೆ ತುಂಬಿ, ತಾನೇ ಎತ್ತಿ ಅವನ ತಲೆಯ ಮೇಲಿಟ್ಟ. ಆ ಹುಡುಗನ ಮುಖದಲ್ಲಿ ಸಂತೋಷವಿತ್ತು, ಒಳ್ಳೆಯ ಕೆಲಸ ಮಾಡಿದವನ ಸಂತೋಷ. ಜವರಯ್ಯ ಮಾತ್ರ ಅತ್ತ ತಿರುಗಿ, ಸುಮ್ಮನೆ ನಿಂತಿದ್ದ ಎತ್ತನ್ನು ಬೈಯುತ್ತಿದ್ದ. ಬೋರಯ್ಯ ನನ್ನ ಮುಂದೆಯೇ ಹಾದು ಹೋದ. ನಾನು ಕ್ಯಾನಿನೊಳಗೆ ಟೀ ಎಷ್ಟಿದೆ ಎಂದು ನೋಡುವವನಂತೆ ಬಗ್ಗಿಕೊಂಡೆ.

ಮುಂದಿನದು ಬೆಟ್ಟಮ್ಮನ ಬಾಯಿಂದ ಕೇಳಿದ್ದು. ಅವನು ಚೀಲ ಇಳಿಸಿ ಗೋಡೆಗೆ ಒರಗಿ ಕೂತನಂತೆ. ಇವಳು ನೀರು ಕೊಟ್ಟು ಕೇಳಿದಳಂತೆ.

"ಮುಂಚೆ ಕೊಟ್ರಾ, ಆಮೇಲ್ ಕೊಟ್ರಾ?"

"ಮುಂಚೆ" ಎಂದನಂತೆ.

ಬೆಟ್ಟಮ್ಮ ಚೀಲ ಎಳೆದು ನೋಡಿದಳು. ಇಷ್ಟು ವರ್ಷದಲ್ಲಿ ಯಾವ ಕಣದಿಂದಲೂ ಆಯ ಅಷ್ಟು ಭಾರ ಬಂದದ್ದಿಲ್ಲ. ಹೊರಗೆ ಹೋಗಿ, ಪಕ್ಕದ ಮನೆಯ ಪಾರ್ವತಮ್ಮನಿಗೆ ಕೇಳುವ ಹಾಗೆ, ಒಳಗೆ ಕೂತ ಗಂಡನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಗೌಡ್ರ್ ಮನೆಯಿಂದ ಅಂಬಿಗ್ರ ಆಯ ಬಂತು ಕಣಕ್ಕ."

ಪಾರ್ವತಮ್ಮ ಕಣದಲ್ಲಿ ಹುಲ್ಲು ಒಟ್ಟಲು ಹೋಗಿ ಆಗಷ್ಟೇ ಬಂದಿದ್ದಳು, ಎಲ್ಲವನ್ನೂ ನೋಡಿದ್ದಳು. ಹೌದಾ, ಒಳ್ಳೇದಾಯಿತು ಬಿಡು ಎಂದಳು. ಒಳಗೆ ಬಂದರೆ ಬೋರಯ್ಯ ಟವಲು ಮುಖಕ್ಕೆ ಹಾಕಿಕೊಂಡು ಮಲಗಿದ್ದ.

ಆ ಭತ್ತ ಮಿಲ್ಲಿಗೆ ಹಾಕಿಸಿ ಅನ್ನ ಮಾಡಿದ ದಿನ ಅವನು ತಟ್ಟೆಯ ಮುಂದೆ ಕೂತವನು ಕೈ ಹಾಕದೆ ಎದ್ದುಬಿಟ್ಟನಂತೆ. ಮಾರನೆಯ ದಿನ ಉಂಡ.